ಹನ್ನೊಂದು ಜನರ ಹತ್ರ ರಾಜೀನಾಮೆ ಬರೆಸ್ಕೊ ಅಂತಿದ್ದಾರೆ, ಏನು ಮಾಡಲಿ?

ಪೀಣ್ಯ_ಲೆಕ್ಕ · ಫೆಬ್ರವರಿ 9, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ಪೀಣ್ಯ ಎರಡನೇ ಹಂತದಲ್ಲಿ ಒಂದು ಮಷಿನ್ ಶಾಪ್‌ನಲ್ಲಿ ಆರು ವರ್ಷದಿಂದ ಅಕೌಂಟ್ಸ್ ನೋಡ್ಕೋತಿದ್ದೀನಿ. ಅಕೌಂಟ್ಸ್ ಅನ್ನೋದು ಹೆಸರಿಗೆ. ಸಂಬಳ, ಪಿಎಫ್, ಇಎಸ್‌ಐ (ಕಾರ್ಮಿಕರ ವಿಮೆ), ಜಿಎಸ್‌ಟಿಯಿಂದ ಹಿಡಿದು ಹಾಲಿನವನ ಬಿಲ್ಲು, ಆಯುಧಪೂಜೆ ಬೂದುಗುಂಬಳದ ತನಕ ಎಲ್ಲ ನನ್ನ ಟೇಬಲ್ಲಿಗೇ ಬರೋದು. ಕೆಲಸಗಾರರು 42 ಜನ. ಪಂಪ್ ಶಾಫ್ಟು, ಬುಷ್ಷು, ಗೇರ್ ಬ್ಲಾಂಕು ಮಾಡ್ತೀವಿ. ಅರ್ಧಕ್ಕಿಂತ ಜಾಸ್ತಿ ಕೆಲಸ ಒಂದೇ ಕಂಪನಿಯದು. ಅವರು ದೀಪಾವಳಿಯಿಂದ ಷೆಡ್ಯೂಲ್ ಕಡಿಮೆ ಮಾಡ್ತಾ ಬಂದು ಜನವರಿಯಲ್ಲಿ ಪೂರ್ತಿ ನಿಲ್ಲಿಸಿದ್ರು. ಹಳೇ ಬಿಲ್ಲು 31 ಲಕ್ಷ ಬಾಕಿ ಇದೆ. ರಾತ್ರಿ ಶಿಫ್ಟು ನಿಂತು ಮೂರು ವಾರ ಆಯ್ತು. ಮೊನ್ನೆ ಲೇಟಾಗಿ ಕೂತಿದ್ದಾಗ ನನ್ನ ಕ್ಯಾಬಿನ್ನಿನ ಗಡಿಯಾರ ಟಿಕ್ ಟಿಕ್ ಅನ್ನೋದು ಕೇಳಿಸ್ತು. ಆರು ವರ್ಷದಲ್ಲಿ ಮೊದಲ ಸಲ. ಯಾವಾಗಲೂ ಕಂಪ್ರೆಸರ್ ಸದ್ದಲ್ಲಿ ಮುಚ್ಚಿ ಹೋಗಿರ್ತಿತ್ತು.

ಹೋದ ಗುರುವಾರ ನಮ್ಮ ಸರ್ ಕರೆದು ಹನ್ನೊಂದು ಹೆಸರಿನ ಚೀಟಿ ಕೊಟ್ರು. "ತಿಂಗಳ ಕೊನೆಗೆ ಇವರನ್ನ ಕಳಿಸಬೇಕಮ್ಮ. ಎಲ್ಲರ ಹತ್ರ ರಾಜೀನಾಮೆ ಬರೆಸ್ಕೊ. ಗ್ರಾಚ್ಯುಟಿ ಇದ್ದವರಿಗೆ ಗ್ರಾಚ್ಯುಟಿ, ಅದರ ಮೇಲೆ ಒಂದು ತಿಂಗಳ ಸಂಬಳ ಕೊಟ್ಟುಬಿಡೋಣ. ಯಾರಿಗೂ ಮೋಸ ಆಗಬಾರದು" ಅಂದ್ರು. ಇದು ಬಾಯಿಮಾತಿಗೆ ಹೇಳಿದ್ದಲ್ಲ, ಅವರನ್ನ ನಾನು ನೋಡಿದ್ದೀನಿ. ಲಾಕ್‌ಡೌನ್‌ನಲ್ಲಿ ಮನೆ ಚಿನ್ನ ಇಟ್ಟು ಏಪ್ರಿಲ್ ಸಂಬಳ ಹಾಕಿದವರು. ಈಗ ಅಡ ಇಡೋಕೆ ಏನೂ ಉಳಿದಿಲ್ಲ, ಅಷ್ಟೇ.

ರಾಜೀನಾಮೆ ಪತ್ರದ ಫಾರ್ಮ್ಯಾಟ್ ಇಂಗ್ಲಿಷಿನಲ್ಲಿದೆ. ನನ್ನ ಸ್ವಂತ ಕಾರಣದಿಂದ ಕೆಲಸ ಬಿಡ್ತಿದ್ದೀನಿ, ಕಂಪನಿಯಿಂದ ನನಗೇನೂ ಬರಬೇಕಾಗಿಲ್ಲ ಅಂತ. ಹೆಸರು, ಟೋಕನ್ ನಂಬರ್‌ಗೆ ಖಾಲಿ ಜಾಗ. ಹನ್ನೊಂದು ಪ್ರಿಂಟ್ ತೆಗೆದು ಡ್ರಾಯರ್‌ನಲ್ಲಿ ಪಂಚಿಂಗ್ ಮಷಿನ್ ಕೆಳಗೆ ಇಟ್ಟಿದ್ದೀನಿ. ನಾಲ್ಕು ದಿನದಿಂದ ಆ ಡ್ರಾಯರ್ ತೆಗೆದಿಲ್ಲ. ಪಂಚ್ ಮಾಡಬೇಕಾದ ವೋಚರ್ ಎಲ್ಲ ಮೇಜಿನ ಮೇಲೇ ಬಿದ್ದಿವೆ.

ಚೀಟಿಯಲ್ಲಿ ಮೊದಲನೇ ಹೆಸರು ಒಬ್ಬ ಸಿಎನ್‌ಸಿ (ಕಂಪ್ಯೂಟರಿನಿಂದ ಓಡೋ ಮಷಿನ್) ಆಪರೇಟರ್‌ದು. ಸರ್ವಿಸ್ ಏಳು ವರ್ಷ ಎಂಟು ತಿಂಗಳು. ನಾನು ಸೇರಿದ ಹೊಸದರಲ್ಲಿ ಸ್ಕ್ರ್ಯಾಪ್ ತೂಕದಲ್ಲಿ ಒಂದೂವರೆ ಕ್ವಿಂಟಾಲ್ ಕಡಿಮೆ ಬಂದು ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದಿತ್ತು. ಆಗ ಇವನು ಟರ್ನಿಂಗ್ಸ್ (ಲೋಹದ ಸಿಪ್ಪೆ) ತುಂಬಿದ ಬಿನ್ನಿನ ಕೆಳಗೆ ಬಕೆಟ್ ಇಟ್ಟು, ರಾತ್ರಿಯೆಲ್ಲ ಬಸಿದ ಕೂಲೆಂಟ್ (ಮಷಿನ್ ತಂಪಿಗೆ ಸುರಿಯೋ ದ್ರವ) ಬೆಳಗ್ಗೆ ಸರ್ ಮುಂದೆ ತೂಗಿ ತೋರಿಸಿದ. "ಇದೇ ಸಾರ್ ನಿಮ್ಮ ಕಳ್ಳ" ಅಂದ. ಅವನ ಹೆಂಡತಿಗೆ ಈಗ ಆರು ತಿಂಗಳು. ರಾಜಾಜಿನಗರ ಇಎಸ್‌ಐ ಆಸ್ಪತ್ರೆಯಲ್ಲಿ ತೋರಿಸ್ತಿದ್ದಾರೆ, ಹೆರಿಗೆ ಮೇ ತಿಂಗಳಿಗೆ. ಕೆಲಸ ಹೋದ ಮೇಲೆ ಆ ಕಾರ್ಡು ನಡೆಯುತ್ತಾ? ಇಎಸ್‌ಐನಲ್ಲಿ ನಿರುದ್ಯೋಗಕ್ಕೆ ದುಡ್ಡು ಕೊಡ್ತಾರೆ ಅಂತ ಕೇಳಿದ್ದೀನಿ, ರಾಜೀನಾಮೆ ಕೊಟ್ಟವರಿಗೂ ಸಿಗುತ್ತಾ? ಯುವನಿಧಿ ಸಿಗುತ್ತಾ? ಜನರನ್ನ ಉಳಿಸ್ಕೊಳ್ಳೋ ಸಣ್ಣ ಕಂಪನಿಗೆ ಸರ್ಕಾರ ಏನಾದ್ರೂ ಕೊಡುತ್ತಾ? ನಾನು ಲಾ ಓದಿದವಳಲ್ಲ, ಬಿ.ಕಾಂ. ಗೊತ್ತಿದ್ದವರು ಹೇಳಿ.

---

ಇಪ್ಪತ್ತೆರಡು_ರಿಟರ್ನ್ · ಫೆಬ್ರವರಿ 10, ಬೆಳಗ್ಗೆ 7:15

ಮೇಡಂ, ಆ ಡ್ರಾಯರ್ ತೆಗೀದೇ ಇದ್ದದ್ದು ಒಳ್ಳೇದಾಯ್ತು. ನಾನು ಪಿಎಫ್-ಇಎಸ್‌ಐ ಕನ್ಸಲ್ಟೆಂಟು, 22 ವರ್ಷದಿಂದ ಇದೇ ಕಸುಬು. ಓನರ್‌ಗಳೇ ನನಗೆ ಫೀಸ್ ಕೊಡೋದು. ಅದಕ್ಕೇ ಹೇಳ್ತೀನಿ, ಈ ರಾಜೀನಾಮೆ ದಾರಿ ನಿಮ್ಮ ಓನರ್‌ಗೂ ಒಳ್ಳೇದಲ್ಲ.

ಮೊದಲು ಪದ ಸರಿ ಮಾಡ್ಕೊಳ್ಳಿ. ಟೀವಿಯವರು ಎಲ್ಲದಕ್ಕೂ ಲೇ-ಆಫ್ ಅಂತಾರೆ. ನಮ್ಮ ಕಾನೂನಲ್ಲಿ ಲೇ-ಆಫ್ ಅಂದ್ರೆ ಕೆಲಸ ಇಲ್ಲ ಅಂತ ಕೆಲವು ದಿನ ಕೂರಿಸೋದು. ಹೆಸರು ಮಸ್ಟರ್‌ನಲ್ಲಿ (ಹಾಜರಿ ಪುಸ್ತಕ) ಇದ್ದೇ ಇರುತ್ತೆ, ಕೆಲಸ ಬಂದಾಗ ವಾಪಸ್ ಕರೀತಾರೆ. ಪೂರ್ತಿ ತೆಗೆಯೋದಕ್ಕೆ ರಿಟ್ರೆಂಚ್‌ಮೆಂಟ್ ಅಂತಾರೆ. ನಿಮ್ಮ ಸರ್ ಮಾಡ್ತಿರೋದು ರಿಟ್ರೆಂಚ್‌ಮೆಂಟು. ಅದಕ್ಕೆ ರಾಜೀನಾಮೆ ಅಂತ ಲೇಬಲ್ ಹಚ್ಚೋಕೆ ಹೊರಟಿದ್ದಾರೆ.

2025ರ ನವೆಂಬರ್ 21ರಿಂದ ಹಳೇ 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ನಿಮಗೆ ಬೇಕಾದ ಭಾಗ ಹೆಚ್ಚುಕಡಿಮೆ ಹಾಗೇ ಇದೆ. ಒಂದು ವರ್ಷ ಸರ್ವಿಸ್ ಆದ ಕೆಲಸಗಾರನನ್ನ ತೆಗೆಯಬೇಕಾದ್ರೆ ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲ ಆ ತಿಂಗಳ ಸಂಬಳ ಕೊಡಬೇಕು. ವರ್ಷಕ್ಕೆ 15 ದಿನದ ಸಂಬಳದಂತೆ ಪರಿಹಾರ. ಕೊನೇ ವರ್ಷ ಆರು ತಿಂಗಳು ದಾಟಿದ್ರೆ ಅದೂ ಒಂದು ವರ್ಷ. ಸರ್ಕಾರಕ್ಕೂ ನೋಟಿಸ್ ಹೋಗಬೇಕು. ಮುಂಚಿತವಾಗಿ ಸರ್ಕಾರದ ಅನುಮತಿ ಬೇಕಾಗೋದು ದೊಡ್ಡ ಫ್ಯಾಕ್ಟರಿಗಳಿಗೆ. ಆ ಗೆರೆ ಮೊದಲು 100 ಜನಕ್ಕಿತ್ತು, ಈಗ 300. ನಿಮಗದು ಬೇಡ. ಹೊಸದಾಗಿ ಸೇರಿರೋದು ಮರುಕೌಶಲ್ಯ ನಿಧಿ, ಕೆಲಸ ಹೋದವನು ಹೊಸ ಕೆಲಸ ಕಲಿಯೋಕೆ ಅಂತ. ತೆಗೆದ ಒಬ್ಬೊಬ್ಬನ ಲೆಕ್ಕಕ್ಕೂ ಓನರ್ 15 ದಿನದ ಸಂಬಳ ಕಟ್ಟಬೇಕು, 45 ದಿನದೊಳಗೆ ಅದು ಕೆಲಸಗಾರನ ಖಾತೆಗೆ ಬರಬೇಕು.

ಈಗ ನಿಮ್ಮ ಆಪರೇಟರ್ ಲೆಕ್ಕ ನೋಡೋಣ. ಬೇಸಿಕ್ಕು ಡಿಎ ಸೇರಿ ಎಷ್ಟು?

---

ಪೀಣ್ಯ_ಲೆಕ್ಕ · ಫೆಬ್ರವರಿ 10, ಬೆಳಗ್ಗೆ 8:02

15,600 ಸರ್. ಗ್ರಾಸ್ 19,400.

---

ಇಪ್ಪತ್ತೆರಡು_ರಿಟರ್ನ್ · ಫೆಬ್ರವರಿ 10, ಬೆಳಗ್ಗೆ 9:30

ಬರ್ಕೊಳ್ಳಿ. ಏಳು ವರ್ಷ ಎಂಟು ತಿಂಗಳು ಅಂದ್ರೆ ಎಂಟು. ಗ್ರಾಚ್ಯುಟಿಗೆ 26ರಿಂದ ಭಾಗಿಸಬೇಕು: 15,600 ಗುಣಿಸು 15, ಭಾಗಿಸು 26, ಒಂಬತ್ತು ಸಾವಿರ. ಎಂಟು ವರ್ಷಕ್ಕೆ 72,000. ರಿಟ್ರೆಂಚ್‌ಮೆಂಟ್ ಪರಿಹಾರಕ್ಕೆ 26 ಬರಲ್ಲ, ತಿಂಗಳ ಸಂಬಳದವನಿಗೆ ಅರ್ಧ ತಿಂಗಳದ್ದು ಹಿಡೀಬೇಕು. ಇಲ್ಲಿ ಹಳೇ ಅಕೌಂಟೆಂಟುಗಳೂ ಎಡವುತ್ತಾರೆ. 7,800 ಎಂಟು ಸಲ, 62,400. ನೋಟಿಸ್ ಸಂಬಳ 15,600. ಮರುಕೌಶಲ್ಯದ್ದು 7,800. ಒಟ್ಟು 1,57,800.

ನಿಮ್ಮ ಸರ್ ಕೊಡ್ತೀನಿ ಅಂದದ್ದು 87,600. ಯಾರಿಗೂ ಮೋಸ ಆಗಬಾರದು ಅನ್ನೋ ಮಾತಿಗೂ ಆ ಹಾಳೆಗೂ ನಡುವೆ 70,200 ರೂಪಾಯಿ ಇದೆ. ಅವರಿಗೆ ಗೊತ್ತಿಲ್ಲದೇ ಇರಬಹುದು. ತುಂಬ ಓನರ್‌ಗಳಿಗೆ ಗೊತ್ತಿರಲ್ಲ.

ಇನ್ನು ಇಎಸ್‌ಐ. ಅಟಲ್ ಬೀಮಿತ ವ್ಯಕ್ತಿ ಕಲ್ಯಾಣ ಯೋಜನೆ 2018ರ ಜುಲೈನಲ್ಲಿ ಶುರುವಾಯ್ತು. ಮೊದಲು ಸರಾಸರಿ ದಿನಗಳಿಕೆಯ 25% ಕೊಡ್ತಿದ್ರು, ಕೋವಿಡ್‌ನಲ್ಲಿ 50% ಮಾಡಿದ್ರು. ಜೀವಮಾನದಲ್ಲಿ ಒಂದೇ ಸಲ, 90 ದಿನದವರೆಗೆ. ಎರಡು ವರ್ಷ ವಿಮಾ ನೌಕರಿ ಆಗಿರಬೇಕು, ಕೆಲಸ ಹೋಗೋ ಮುಂಚಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ ಕಟ್ಟಿರಬೇಕು, ಅದರ ಹಿಂದಿನ ಮೂರರಲ್ಲಿ ಯಾವುದಾದರೂ ಒಂದರಲ್ಲಿ ಇನ್ನೂ 78. ತಾನಾಗಿ ಕೆಲಸ ಬಿಟ್ಟವನಿಗೆ ಇಲ್ಲ. ನಿಮ್ಮ ಡ್ರಾಯರ್‌ನಲ್ಲಿರೋ ಹಾಳೆ ಅದನ್ನೇ ತಾನೇ ಹೇಳೋದು? ಈ ಯೋಜನೆಯನ್ನ ಅವಧಿ ಅವಧಿಗೆ ವಿಸ್ತರಿಸ್ತಾ ಬಂದಿದ್ದಾರೆ. ಅರ್ಜಿ ಹಾಕೋ ಮುಂಚೆ ಶಾಖಾ ಕಚೇರಿಯಲ್ಲಿ ಒಂದು ಮಾತು ಕೇಳಿಕೊಳ್ಳಲಿ.

ಇದಕ್ಕಿಂತ ಹಳೇದು, ಯಾರೂ ಬಾಯಿ ಬಿಡದೇ ಇರೋದು ಇನ್ನೊಂದಿದೆ: 2005ರ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ. ಕಾರ್ಖಾನೆ ಮುಚ್ಚಿ ಇಲ್ಲವೇ ರಿಟ್ರೆಂಚ್ ಆಗಿ ಕೆಲಸ ಕಳಕೊಂಡವನಿಗೆ ಮೊದಲ ವರ್ಷ ಸಂಬಳದ 50%, ಎರಡನೇ ವರ್ಷ 25%. ಅದಕ್ಕೆ ರಿಟ್ರೆಂಚ್‌ಮೆಂಟ್ ಆರ್ಡರ್ ಕೈಯಲ್ಲಿ ಇರಲೇಬೇಕು. ರಾಜೀನಾಮೆ ಬರೆದವನು ಆ ಕೌಂಟರ್ ಹತ್ರ ಹೋಗೋದೂ ದಂಡ.

ಆಸ್ಪತ್ರೆ ವಿಷಯಕ್ಕೆ ಗಾಬರಿ ಬೇಡ. ಏಪ್ರಿಲ್‌ನಿಂದ ಸೆಪ್ಟೆಂಬರ್ ಕಟ್ಟಿದ್ದಕ್ಕೆ ಜನವರಿಯಿಂದ ಜೂನ್ ಸೌಲಭ್ಯ. ಅಕ್ಟೋಬರ್‌ನಿಂದ ಮಾರ್ಚ್ ಅವಧಿಯದಕ್ಕೆ ಜುಲೈಯಿಂದ ಡಿಸೆಂಬರ್. ಅವನು ಫೆಬ್ರವರಿ ಕೊನೆತನಕ ಇದ್ದರೆ 78 ದಿನ ಯಾವಾಗಲೋ ದಾಟಿದ್ದಾನೆ. ಮೇ ತಿಂಗಳ ಹೆರಿಗೆಗೆ ಕಾರ್ಡು ನಡೆಯುತ್ತೆ, ಮಗುವಿನ ಚುಚ್ಚುಮದ್ದಿಗೂ ಡಿಸೆಂಬರ್‌ವರೆಗೆ ನಡೆಯುತ್ತೆ. ಇದನ್ನ ಅವನಿಗೆ ಇವತ್ತೇ ಹೇಳಿ.

ಯುವನಿಧಿ ಇದಕ್ಕಲ್ಲ. ಅದು ಡಿಗ್ರಿ, ಡಿಪ್ಲೊಮಾ ಮುಗಿಸಿ ಕೆಲಸ ಸಿಗದವರಿಗೆ.

ಕೊನೇದು ನಿಮ್ಮ ಕೈಯಲ್ಲೇ ಇರೋದು. ಇಎಸ್‌ಐ ಮಾಸಿಕ ವಂತಿಗೆ ಹಾಕುವಾಗ ಸೊನ್ನೆ ದಿನಕ್ಕೆ ಕಾರಣದ ಕೋಡ್ ಕೇಳುತ್ತಲ್ಲ? 2 ಹೊಡೆದರೆ ಕೆಲಸ ಬಿಟ್ಟ, 10 ಹೊಡೆದರೆ ರಿಟ್ರೆಂಚ್‌ಮೆಂಟ್. ಎಲ್ಲರೂ ಅಭ್ಯಾಸಬಲದಿಂದ 2 ಹೊಡೀತಾರೆ. ಪಿಎಫ್‌ನಲ್ಲಿ ಬಿಟ್ಟ ದಿನಾಂಕ ಕೂಡಲೇ ಹಾಕಿ, ಇಲ್ಲಾಂದ್ರೆ ಅವನಾಗೇ ಹಾಕ್ಕೊಳ್ಳೋಕೆ ಕೊನೇ ವಂತಿಗೆಯಿಂದ ಎರಡು ತಿಂಗಳು ಕಾಯಬೇಕು.

---

ಪೀಣ್ಯ_ಲೆಕ್ಕ · ಫೆಬ್ರವರಿ 10, ಮಧ್ಯಾಹ್ನ 1:20

ಕೋಡ್ 10 ಇದೆ ಅನ್ನೋದೇ ಗೊತ್ತಿರಲಿಲ್ಲ ಸರ್. ಆರು ವರ್ಷದಲ್ಲಿ ಹೋದ ಪ್ರತಿಯೊಬ್ಬರಿಗೂ 2 ಹೊಡೆದಿದ್ದೀನಿ. ಅವರಲ್ಲಿ ಎಷ್ಟು ಜನ ನಿಜವಾಗಿ ತಾವಾಗೇ ಹೋದರು ಅಂತ ಊಟದ ಹೊತ್ತಲ್ಲಿ ಲೆಕ್ಕ ಹಾಕ್ತಾ ಕೂತೆ. ಡಬ್ಬಿ ಹಾಗೇ ಉಳೀತು.

ಇನ್ನೊಂದು ಡೌಟು. ಚೀಟಿಯಲ್ಲಿರೋರು ಬಹುಪಾಲು ಹಳಬರು. ಸಿಎನ್‌ಸಿಯಲ್ಲೇ 2023ರಲ್ಲಿ ಸೇರಿದ ಇಬ್ಬರು ಹುಡುಗರಿದ್ದಾರೆ, ಅವರ ಹೆಸರಿಲ್ಲ. ಹಳಬರ ಸಂಬಳ ಜಾಸ್ತಿ, ಅವರು ಹೋದರೆ ಉಳಿತಾಯ ಜಾಸ್ತಿ ಅಂತ ಸರ್ ಲೆಕ್ಕ.

---

ಇಪ್ಪತ್ತೆರಡು_ರಿಟರ್ನ್ · ಫೆಬ್ರವರಿ 10, ಮಧ್ಯಾಹ್ನ 2:05

ಹಾಗೆ ಬರಲ್ಲ. ಒಂದೇ ಬಗೆಯ ಕೆಲಸದವರಲ್ಲಿ ಕೊನೆಗೆ ಬಂದವನು ಮೊದಲು ಹೋಗಬೇಕು. ಬೇರೆ ಮಾಡಬೇಕಾದ್ರೆ ಕಾರಣ ಬರೆದಿಡಬೇಕು. 'ಸಂಬಳ ಜಾಸ್ತಿ' ಅನ್ನೋದು ಲೇಬರ್ ಕೋರ್ಟಿನಲ್ಲಿ ನಿಲ್ಲೋ ಕಾರಣ ಅಲ್ಲ. ಪರಿಹಾರ ಕೊಡದೆ ತೆಗೆದರೆ ತೆಗೆದದ್ದೇ ಅಸಿಂಧು ಆಗಬಹುದು, ಆಮೇಲೆ ಹಿಂಬಾಕಿ ಸಂಬಳ ಸಮೇತ ವಾಪಸ್ ತಗೋಬೇಕಾಗಬಹುದು. ಹನ್ನೊಂದು ಜನರಲ್ಲಿ ಒಬ್ಬನೇ ಒಬ್ಬ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ, ಸಾರ್ ನನಗೆ ಇಂಗ್ಲಿಷ್ ಬರಲ್ಲ, ಸಹಿ ಹಾಕು ಅಂದ್ರು ಹಾಕಿದೆ ಅಂದ್ರೆ ಸಾಕು. ಒಂದೇ ದಿನ ಹನ್ನೊಂದು ಜನಕ್ಕೂ 'ಸ್ವಂತ ಕಾರಣ' ಬಂತಾ ಅಂತ ಕೇಳ್ತಾರೆ.

ಅಂದಹಾಗೆ ನಿಮ್ಮ ಹೆಸರು ಚೀಟಿಯಲ್ಲಿ ಇಲ್ಲ ತಾನೇ?

---

ಪೀಣ್ಯ_ಲೆಕ್ಕ · ಫೆಬ್ರವರಿ 10, ಮಧ್ಯಾಹ್ನ 2:11

ಇಲ್ಲ ಸರ್. ಸದ್ಯಕ್ಕೆ.

---

ಉದ್ಯಮಬಾಗ್_ಭಟ್ಟಿ · ಫೆಬ್ರವರಿ 10, ರಾತ್ರಿ 9:48

ನಮಸ್ಕಾರ್ರಿ ಅಕ್ಕಾರ. ನಾ ಬೆಳಗಾವಿ ಉದ್ಯಮಬಾಗದಾಗ ಸಣ್ಣದೊಂದು ಫೌಂಡ್ರಿ ನಡಸ್ತೇನಿ. ಮ್ಯಾಲಿನವರು ಕಾಯ್ದೆ ಹೇಳ್ಯಾರ, ನಾ ಓನರ್ ಕಡಿಂದ ನಾಕು ಮಾತು ಹೇಳ್ತೇನಿ. ನಿಮ್ಮ ಸರ್‌ಗೆ ತೋರಸ್ರಿ.

2008-09ರಾಗ ನನ್ನ ಭಟ್ಟಿ ವಾರಕ್ಕ ಮೂರೇ ದಿನ ಹತ್ತತಿತ್ತು. ಗಡಬಡಿಸಿ ಹದಿನಾಲ್ಕು ಮಂದಿ ಮೋಲ್ಡರ್‌ಗೋಳನ್ನ ಬಿಟ್ಟೆ. ಎಂಟು ತಿಂಗಳಿಗೆ ಆರ್ಡರ್ ಬಂತು, ಮೋಲ್ಡರ್ ಇಲ್ಲ! ಎಲ್ಲಾರೂ ಕೊಲ್ಹಾಪುರ ಹಿಡಿದಿದ್ರು. ಹೊಸ ಹುಡುಗೋರು ಹಾಕಿದ ಮೋಲ್ಡಿನಾಗ ಬ್ಲೋಹೋಲ್ (ಗಾಳಿ ತೂತು), ನೂರಕ್ಕ ಹದಿನೆಂಟು ರಿಜೆಕ್ಷನ್. ಬಿಟ್ಟು ಉಳಿಸಿದ ರೊಕ್ಕದಕಿಂತ ರಿಜೆಕ್ಷನ್ನಾಗ ಕಳಕೊಂಡದ್ದು ಜಾಸ್ತಿ ಆತು. ಬೆರಳಿಗೆ ಮೈಕ್ರಾನ್ ತಿಳಿಯೋ ಆಪರೇಟರ್‌ನ ಮೊದಲ ಕಳಸ್ತೇನಿ ಅನ್ನೋ ಲೆಕ್ಕ ನನಗಂತೂ ತಿಳೀವಲ್ದು.

ಕೋವಿಡ್‌ನಾಗ ಬ್ಯಾರೆ ಮಾಡಿದೆ. ಎಲ್ಲಾರನ್ನೂ ಕೂಡಿಸಿ ಖರ್ಚಿನ ವಹಿ ಮುಂದ ಇಟ್ಟೆ. ಪಾಳಿ ಹಚ್ಚಿದ್ವಿ. ಒಂದು ವಾರ ಅರ್ಧ ಮಂದಿ, ಮುಂದಿನ ವಾರ ಉಳಿದ ಅರ್ಧ, ಮನ್ಯಾಗ ಕುಂತವರಿಗೆ ಅರ್ಧ ಪಗಾರ. 50 ಮಂದಿಗಿಂತ ಕಡಿಮಿ ಇದ್ದಲ್ಲಿ ಲೇ-ಆಫ್ ಪರಿಹಾರ ಕಾಯ್ದೆದಾಗ ಕಡ್ಡಾಯ ಇಲ್ಲ, ನಿಮ್ಮದು 42. ಆದ್ರ ಬರೇ ಮಾತಿನ ಮ್ಯಾಲ ಬಿಡಬ್ಯಾಡ್ರಿ. ಒಪ್ಪಂದ ಕನ್ನಡದಾಗ ಬರದು, ಎಷ್ಟು ವಾರ, ಎಷ್ಟು ರೊಕ್ಕ ಅಂತ ಹಾಕಿ, ಎಲ್ಲಾರ ಸಹಿ ತಗೋರಿ.

ಸರ್ಕಾರ ಏನ ಕೊಡ್ತದ ಅಂತ ಕೇಳೀರಿ. ಮಂದಿನ್ನ ಉಳಿಸ್ಕೊಂಡಿದ್ದಕ್ಕ ಕೊಡೂದು ನಮ್ಮಲ್ಲಿ ಇಲ್ರಿ. 2020ರಾಗ ಒಮ್ಮೆ ಸಣ್ಣ ಕಾರ್ಖಾನಿಗೋಳ ಪಿಎಫ್ ಎರಡೂ ಕಡೀದು, 24%, ಕೇಂದ್ರದವರ ಕಟ್ಟಿದ್ರು. ಅದೂ ನೂರಕ್ಕ ತೊಂಬತ್ತು ಮಂದಿಗೆ ಪಗಾರ 15 ಸಾವಿರದೊಳಗ ಇದ್ದಲ್ಲಿ ಅಷ್ಟ. ಈಗಿಂದು ವಿಕಸಿತ ಭಾರತ ರೋಜಗಾರ ಯೋಜನೆ, ಹೊಸದಾಗಿ ಹೆಚ್ಚುವರಿ ಮಂದಿ ತಗೊಂಡ್ರ ತಿಂಗಳಿಗೆ ತಲಿಗೆ 3,000ದ ತನಕ. ಹನ್ನೊಂದು ಮಂದಿ ಕಳಿಸಿ ಮುಂದ ಹನ್ನೊಂದು ಮಂದಿ ತಗೊಂಡ್ರ ಅದು ಹೆಚ್ಚುವರಿ ಆಗೂದಿಲ್ಲ.

ಖರೇ ಮದ್ದು ನಿಮ್ಮ 31 ಲಕ್ಷದಾಗ ಐತಿ. ಉದ್ಯಮ್ ನೋಂದಣಿ, ಅಂದ್ರ ಸರ್ಕಾರದಾಗ ಸಣ್ಣ ಉದ್ಯಮ ಅಂತ ಹೆಸರು ಹಚ್ಚಿದ್ದು, ಐತೇನು? ಇದ್ರ, ಎಂಎಸ್‌ಎಂಇ ಕಾಯ್ದೆ ಪ್ರಕಾರ ಬಿಲ್ಲಿನ ರೊಕ್ಕ 45 ದಿವಸದಾಗ ಬರಬೇಕು. ತಪ್ಪಿದ್ರ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ತಿಂಗಳ ಚಕ್ರಬಡ್ಡಿ. ಬಾಕಿ ದೂರಿಗೆ ಸರ್ಕಾರದ ಪೋರ್ಟಲ್ ಐತಿ, ಅದರಾಗ ಅರ್ಜಿ ಹಾಕಬಹುದು. ಗಿರಾಕಿ ಮುನಿಸ್ಕೊಂತಾನ ಅಂತ ಅಂಜಿಕಿ ಇದ್ರ, ಮೊದಲ ಇದನ್ನ ಮಾಡ್ರಿ: ಅವರ ಪರ್ಚೇಸಿನವರಿಗೆ ಅಲ್ಲ, ಫೈನಾನ್ಸಿನವರಿಗೆ ಫೋನ್ ಹಚ್ರಿ. ಸಣ್ಣ ಉದ್ಯಮದ ಬಾಕಿ ಹೊತ್ತಿಗೆ ಕೊಡದ ಹಂಗ ಮಾರ್ಚ್ 31 ದಾಟಿಸಿದ್ರ ಆ ಖರ್ಚು ಆ ವರ್ಷದ ಆದಾಯ ತೆರಿಗಿಯಾಗ ಕಳೀಲಿಕ್ಕೆ ಬರೂದಿಲ್ಲ. 1961ರ ಆದಾಯ ತೆರಿಗಿ ಕಾಯ್ದೆದ ಕಲಮು 43ಬಿ ಎಚ್ ಅಂತ ಹೇಳ್ರಿ, ಅವರಿಗೆ ತಿಳೀತದ. ಪರ್ಚೇಸಿನವ ವರ್ಷಗಟ್ಟಲೆ ನಾಳೆ ನಾಳೆ ಅಂತಾನ, ಫೈನಾನ್ಸಿನವಗ ಮಾರ್ಚ್ ಬಂತಂದ್ರ ನಿದ್ದಿ ಬರೂದಿಲ್ಲ.

---

ಬೊಮ್ಮಸಂದ್ರ_ಬಿ_ಶಿಫ್ಟ್ · ಫೆಬ್ರವರಿ 11, ರಾತ್ರಿ 12:30

ನಾನು ಆ ಕಡೆ ನಿಂತವನು. 2023ರಲ್ಲಿ ನಮ್ಮ ಲೈನ್ ಮುಚ್ಚಿದ್ರು. ಒಂದೇ ಬ್ಯಾಚಿನ ನಾವು ಐದು ಜನ. ಮೂವರು ಎಚ್‌ಆರ್ ಕೊಟ್ಟ ರಾಜೀನಾಮೆಗೆ ಸಹಿ ಹಾಕಿ ಅವತ್ತೇ ಚೆಕ್ ಇಸ್ಕೊಂಡ್ರು. ನಾನೂ ಇನ್ನೊಬ್ಬನೂ ಮನೇಲಿ ಕೇಳಿ ಬರ್ತೀವಿ ಅಂತ ಜಾರ್ಕೊಂಡ್ವಿ. ನಮಗೇನು ಕಾನೂನು ಗೊತ್ತಿತ್ತು ಅಂತಲ್ಲ, ಹೆದರಿಕೆ ಅಷ್ಟೇ. ವಾರ ಬಿಟ್ಟು ನಮಗೆ ತೆಗೆದು ಹಾಕಿದ ಪತ್ರ ಕೊಟ್ರು.

ಅಟಲ್ ಯೋಜನೆ ದುಡ್ಡು ನನಗೆ ಬಂತು. 26 ಸಾವಿರ ಚಿಲ್ಲರೆ, ಸೀದಾ ಬ್ಯಾಂಕಿಗೆ. ಕೆಲಸ ಹೋಗಿ 30 ದಿನ ಆದ ಮೇಲೆ ಇಎಸ್‌ಐ ವೆಬ್‌ಸೈಟಿನಲ್ಲಿ ನಮ್ಮ ಲಾಗಿನ್‌ನಲ್ಲೇ ಹಾಕಬೇಕು, ಕಂಪನಿಯವರ ಕೈಕಾಲು ಹಿಡಿಯೋ ಹಾಗಿಲ್ಲ. ತೊಂದರೆ ಆಗಿದ್ದು ಹೆಸರಲ್ಲಿ. ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ, ಇಎಸ್‌ಐನಲ್ಲಿ ಬರೀ ಇನಿಶಿಯಲ್ಲು. ಅದೊಂದು ಅಕ್ಷರಕ್ಕೆ ಶಾಖಾ ಕಚೇರಿಗೆ ಮೂರು ಸಲ ಅಲೆದೆ. ಮೂರನೇ ಸಲ ಕೌಂಟರ್‌ನಲ್ಲಿದ್ದ ಮೇಡಮ್ಮು, ಇದನ್ನ ನಿಮ್ಮ ಕಂಪನಿಯವರು ನೀವು ಸೇರಿದ ದಿನವೇ ಸರಿ ಮಾಡಬೇಕಿತ್ತಲ್ಲಪ್ಪಾ ಅಂದ್ರು. ಅಕ್ಕ, ನೀವು ಈಗಲೇ ಹನ್ನೊಂದು ಜನದ ಆಧಾರ್, ಇಎಸ್‌ಐ, ಪಿಎಫ್, ಬ್ಯಾಂಕ್ ನಾಲ್ಕರಲ್ಲೂ ಹೆಸರು ಒಂದೇ ತರ ಇದೆಯಾ ನೋಡಿ. ಅವರು ಒಳಗಿರುವಾಗ ಆದರೆ ಹತ್ತು ನಿಮಿಷದ ಕೆಲಸ.

ಪಿಎಫ್ ಪೂರ್ತಿ ಕಿತ್ಕೊಳ್ಳಬೇಡಿ ಅಂತಲೂ ಹೇಳಿ. ನಾನು ಕಿತ್ಕೊಂಡೆ. ಐದು ವರ್ಷ ತುಂಬಿರಲಿಲ್ಲ, ತೆರಿಗೆ ಬೇರೆ ಹಿಡಿದ್ರು, ಪೆನ್ಷನ್ ಸರ್ವಿಸ್ಸೂ ಹೋಯ್ತು. ಈಗ ಹೊಸ ಕಂಪನಿಯಲ್ಲಿ ಒಂದರಿಂದ ಎಣಿಸ್ತಿದ್ದೀನಿ.

---

ಷ್ಟುಟ್‌ಗಾರ್ಟ್_ಸಾರು · ಫೆಬ್ರವರಿ 11, ಸಂಜೆ 4:12

ದಾವಣಗೆರೆಯವನು, ಇಲ್ಲಿ ಕಾರಿನ ಬಿಡಿಭಾಗದ ಕಂಪನಿಯಲ್ಲಿ ಇದ್ದೇನೆ. ಉದ್ಯಮಬಾಗದವರು ಹೇಳಿದ ಪಾಳಿ ಪದ್ಧತಿ ಇಲ್ಲಿ ಸರ್ಕಾರಿ ವ್ಯವಸ್ಥೆಯೇ ಆಗಿದೆ, ಕುರ್ಟ್ಸ್‌ಆರ್ಬೈಟ್ ಅಂತ. ಆರ್ಡರ್ ಇಲ್ಲದಾಗ ಕಂಪನಿ ಕೆಲಸದ ಗಂಟೆ ಕಡಿಮೆ ಮಾಡುತ್ತೆ, ಮಾಡಿದ ಗಂಟೆಗೆ ಮಾತ್ರ ಸಂಬಳ ಕೊಡುತ್ತೆ. ಕಳೆದುಕೊಂಡ ನಿವ್ವಳ ಸಂಬಳದ 60%, ಮಕ್ಕಳಿದ್ದರೆ 67%, ಉದ್ಯೋಗ ಇಲಾಖೆ ತುಂಬಿಕೊಡುತ್ತೆ. ದುಡ್ಡು ಎಲ್ಲಿಂದಲೋ ಬರುವುದಲ್ಲ, ಪ್ರತಿ ತಿಂಗಳು ನಾನೂ ಕಂಪನಿಯೂ ಕಟ್ಟುವ ನಿರುದ್ಯೋಗ ವಿಮೆಯಿಂದ. 2020ರ ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ ಜನ ಇದರಲ್ಲಿದ್ದರು, ನಾನೂ ಒಬ್ಬ.

ಸಹಿಯ ವಿಷಯ ಇಲ್ಲೂ ಅದೇ. ಪರಸ್ಪರ ಒಪ್ಪಿ ಬಿಡುತ್ತೇನೆ ಅಂತ ಸಹಿ ಹಾಕಿದರೆ ಸಾಮಾನ್ಯವಾಗಿ 12 ವಾರ ನಿರುದ್ಯೋಗ ಭತ್ಯೆ ತಡೆಹಿಡಿಯುತ್ತಾರೆ. ನನ್ನ ಪಕ್ಕದ ಮೇಜಿನವನು ಪರಿಹಾರದ ಮೊತ್ತ ನೋಡಿ ಆಸೆಗೆ ಸಹಿ ಹಾಕಿ ಮೂರು ತಿಂಗಳು ಕೈಯಿಂದ ಬಾಡಿಗೆ ಕಟ್ಟಿದ.

---

ಪೀಣ್ಯ_ಲೆಕ್ಕ · ಮಾರ್ಚ್ 4, ರಾತ್ರಿ 9:05

ಏನಾಯ್ತು ಅಂತ ಹೇಳೋಕೆ ಬಂದೆ. ತಡ ಆಯ್ತು, ಕ್ಷಮಿಸಿ.

ಹನ್ನೊಂದು ಜನದ್ದೂ ಲೆಕ್ಕ ಎರಡು ಕಾಲಮ್ಮಿನಲ್ಲಿ ಹಾಕಿ ಸರ್ ಮುಂದೆ ಇಟ್ಟೆ. ಒಂದು ರಾಜೀನಾಮೆ, ಇನ್ನೊಂದು ರಿಟ್ರೆಂಚ್‌ಮೆಂಟ್. ವ್ಯತ್ಯಾಸ 5 ಲಕ್ಷ 40 ಸಾವಿರ. ಸರ್ ಮೊದಲು ಸಿಟ್ಟಾದ್ರು. "ನಿನಗೆ ಸಂಬಳ ಕೊಡೋದು ನಾನೋ ಅವರೋ" ಅಂದ್ರು. ನಾನು ಏನೂ ಮಾತಾಡದೆ ಎದ್ದು ಬಂದೆ. ಸಂಜೆ ಆರಕ್ಕೆ ಅವರೇ ನನ್ನ ಟೇಬಲ್ ಹತ್ರ ಬಂದು, "ಆ ಹಾಳೆ ಇನ್ನೊಂದ್ಸಲ ತೋರಿಸು" ಅಂದ್ರು. ನಿಂತೇ ಓದಿದ್ರು. ರಾಜೀವ್ ಗಾಂಧಿ ಯೋಜನೆ ಸಾಲಿನ ಹತ್ರ ಬೆರಳಿಟ್ಟು, "ನಾವು ತಿಂಗಳು ತಿಂಗಳು ಕಟ್ಟೋ ದುಡ್ಡಲ್ಲೇ ಇದೂ ಇದ್ಯಾ" ಅಂತ ಕೇಳಿದ್ರು. ಹೌದು ಸರ್, ನಮ್ಮದು 3.25, ಅವರದು 0.75, ಆರು ವರ್ಷದಿಂದ ನಾನೇ ಚಲನ್ ಮಾಡ್ತಿದ್ದೀನಿ, ನನಗೂ ಮೊನ್ನೇನೇ ಗೊತ್ತಾಗಿದ್ದು ಅಂದೆ.

ಬೆಳಗಾವಿ ಅಣ್ಣನ ಮಾತಿನಂತೆ ಗಿರಾಕಿ ಕಂಪನಿಯ ಫೈನಾನ್ಸಿಗೆ ಫೋನ್ ಮಾಡಿದೆ. 43ಬಿ ಎಚ್ ಅಂದ ತಕ್ಷಣ ಆ ಕಡೆ ದನಿಯೇ ಬದಲಾಯ್ತು! 31 ಲಕ್ಷದಲ್ಲಿ 12 ಲಕ್ಷ ಬಂತು. ಉಳಿದದ್ದು ಮಾರ್ಚ್ ಇಪ್ಪತ್ತರೊಳಗೆ ಅಂದಿದ್ದಾರೆ, ನೋಡಬೇಕು. ಪೋರ್ಟಲ್‌ನ ದೂರಿನ ಅರ್ಜಿ ಸೇವ್ ಮಾಡಿ ಇಟ್ಕೊಂಡಿದ್ದೀನಿ, ಹಾಕಿಲ್ಲ.

ಪಾಳಿ ಒಪ್ಪಂದ ಕನ್ನಡದಲ್ಲಿ ನಾನೇ ಟೈಪ್ ಮಾಡಿದೆ, ಏಪ್ರಿಲ್ ಕೊನೆತನಕ. ಒಬ್ಬ ಫಿಟ್ಟರ್ ಮಾತ್ರ ಸಹಿ ಹಾಕದೆ ಜಗಳ ಮಾಡಿದ. ಅರ್ಧ ಸಂಬಳದಲ್ಲಿ ಮನೆ ಬಾಡಿಗೆ ನೀವು ಕಟ್ತೀರಾ ಅಂದ. ಅವನದು ತಪ್ಪು ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಹನ್ನೊಂದು ಐದಾಯ್ತು. ಆದರೆ ಐದು ಐದೇ.

ಸಿಎನ್‌ಸಿ ಆಪರೇಟರ್ ಉಳಿದ. ಅವನ ಬದಲಿಗೆ ಹೋಗಿದ್ದು 2023ರಲ್ಲಿ ಬಂದ ಇಬ್ಬರು ಹುಡುಗರು. ಒಬ್ಬನಿಗೆ ಹೋದ ಕಾರ್ತೀಕದಲ್ಲಿ ಮದುವೆ ಆಗಿದೆ. ಅವನ ಪತ್ರ ಓದಿ ಹೇಳಿದೆ, ದುಡ್ಡು ಅವತ್ತೇ ಹಾಕಿದ್ವಿ, ಹೆಸರು ನಾಲ್ಕೂ ಕಡೆ ಸರಿ ಮಾಡಿ ಕೊಟ್ಟಿದ್ದೀನಿ. ಕೋಡ್ 10 ಹೊಡೆಯೋ ಮುಂಚೆ ಮೂರು ಸಲ ನೋಡಿದೆ. ಎಲ್ಲ ಕೇಳಿಸ್ಕೊಂಡು ಅವನು ಒಂದು ಮಾತು ಕೇಳಿದ: "ಅಕ್ಕ, ಮುಂದಿನ ಕಂಪನಿಯವರು ಕೇಳಿದ್ರೆ ನಾನಾಗೇ ಬಿಟ್ಟೆ ಅಂತ ಹೇಳಿದ್ರೆ ಮರ್ಯಾದೆ ಅಲ್ವಾ? ಇದರಲ್ಲಿ ತೆಗೆದು ಹಾಕಿದ್ರು ಅಂತ ಇದೆ." ನನಗೆ ಉತ್ತರ ಹೊಳೀಲಿಲ್ಲ. ಅವನ ಅನುಭವ ಪತ್ರದಲ್ಲಿ ಏನಂತ ಬರೀಲಿ ಸರ್? ನಾಳೆ ಬರ್ತಾನೆ.

---

ಇಪ್ಪತ್ತೆರಡು_ರಿಟರ್ನ್ · ಮಾರ್ಚ್ 4, ರಾತ್ರಿ 10:20

ಅನುಭವ ಪತ್ರ ಬೇರೆ ಹಾಳೆ, ಅದರಲ್ಲಿ ಬಿಟ್ಟ ಕಾರಣ ಇರಲೇಬೇಕು ಅಂತೇನಿಲ್ಲ. ಯಾವತ್ತಿಂದ ಯಾವತ್ತಿನವರೆಗೆ, ಯಾವ ಮಷಿನ್, ಯಾವ ಕಂಟ್ರೋಲ್ ಓಡಿಸ್ತಿದ್ದ, ಸೆಟ್ಟಿಂಗ್ ಬರುತ್ತೋ ಇಲ್ವೋ, ನಡತೆ ಚೆನ್ನಾಗಿತ್ತು. ಅಷ್ಟು ಸಾಕು. ಕಾರಣ ಬೇಕು ಅಂತ ಅವನೇ ಕೇಳಿದ್ರೆ 'ಆರ್ಡರ್ ಕೊರತೆಯಿಂದ ಹುದ್ದೆ ಕಡಿತ' ಅಂತ ಬರೀರಿ. ಮಷಿನ್ ಹೆಸರು ಮಾತ್ರ ಬಿಡಬೇಡಿ, ಪೀಣ್ಯದಲ್ಲಿ ಮೊದಲು ನೋಡೋದೇ ಅದನ್ನ. ಒಂದು ವರ್ಷದೊಳಗೆ ಮತ್ತೆ ಜನ ತಗೊಂಡ್ರೆ ಈ ಐವರನ್ನೇ ಮೊದಲು ಕರೀಬೇಕು ಅಂತ ಕಾನೂನಿದೆ. ಫೋನ್ ನಂಬರ್, ಊರಿನ ವಿಳಾಸ ಎರಡೂ ಬರ್ಕೊಂಡಿರಿ.

---

ಪೀಣ್ಯ_ಲೆಕ್ಕ · ಮಾರ್ಚ್ 4, ರಾತ್ರಿ 10:26

ಸರಿ ಸರ್. ಹೆಂಡತಿ ನಂಬರೂ ಇಸ್ಕೋತೀನಿ, ಅವನು ಸಿಮ್ ಬದಲಾಯಿಸ್ತಾನೇ ಇರ್ತಾನೆ.

---

ಉದ್ಯಮಬಾಗ್_ಭಟ್ಟಿ · ಮಾರ್ಚ್ 5, ಬೆಳಗ್ಗೆ 6:50

ಅಕ್ಕಾರ, ಗೇರ್ ಬ್ಲಾಂಕ್ ಮಾಡ್ತೀವಿ ಅಂದಿದ್ರಿ. ನನಗ ಎಂಟು ಇಂಚಿನೊಳಗ ತಿಂಗಳಿಗೆ ಆರುನೂರು ಪೀಸ್ ಮಷಿನಿಂಗ್ ಮಾಡಸೂದೈತಿ, ಇಲ್ಲಿ ರೇಟ್ ಕೂಡವಲ್ದು. ನಿಮ್ಮ ಸರ್‌ನ ಕೇಳ್ರಿ, ಡ್ರಾಯಿಂಗ್ ಕಳಸ್ತೇನಿ. ರೊಕ್ಕ 45 ದಿವಸದಾಗ ಕೊಡ್ತೇನ್ರಿ, ಫೈನಾನ್ಸಿಗೆ ಫೋನ್ ಹಚ್ಚಬ್ಯಾಡ್ರಿ.